ಎರೆಮಣ್ಣು ಮತ್ತು ಬಣ್ಣದ ನೀರು

ನಮ್ಮ ಸೊಲ್ಲಾಪುರ ಚಾದರಿಗೂ ಟವೆಲಿಗೂ ಹೆಸರಾದ ಊರು. ನೂಲಿಗೆ ಬಣ್ಣ ಹಾಕಿದ ನೀರು ಗಟಾರದಲ್ಲಿ ಹರಿಯುವದನ್ನು ನಾವು ದಿನಾಲು ನೋಡುತ್ತೇವೆ. ಅದರ ಬದಿಯ ಬಾವಿಯ ನೀರನ್ನು ಈಗ ದನಗಳಿಗೂ ಕುಡಿಸುವದಿಲ್ಲ.

ಹೊಲದ ಎರೆಮಣ್ಣನ್ನು ಒಣಗಿಸಿ, ಕುಟ್ಟಿ, ಅರಿವೆಯಲ್ಲಿ ಜರಡಿ ಹಿಡಿದು, ಪ್ರಯೋಗಶಾಲೆಯ ಮಿಥಿಲೀನ್ ಬ್ಲೂ ಬೆರೆಸಿದ ನೀರಿಗೆ ಹಾಕಿ ಕಲಕಿದೆವು. ತಿಳಿಯಾದ ಮೇಲೆ ನೋಡಿದರೆ ನೀಲಿಯೆಲ್ಲ ತಳದ ಮಣ್ಣಿನಲ್ಲಿ! ಎರೆಮಣ್ಣಿನ ಸೂಕ್ಷ್ಮ ಪದರುಗಳಲ್ಲಿ ಋಣ ವಿದ್ಯುದಂಶ, ಆ ಬಣ್ಣದಲ್ಲಿ ಧನ. ಆದುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ ಎಂದು ಗುರುಗಳು ತಿಳಿಸಿದರು.

ಹಿಗ್ಗಿನಿಂದ ಗಟಾರದ ಕೆಂಪು ನೀರನ್ನೇ ತಂದು ಹಾಗೆಯೇ ಮಾಡಿದೆವು. ಮರುದಿನವೂ ಅದು ಕೆಂಪಾಗಿಯೇ ಇತ್ತು. ಹತ್ತಿಯ ನೂಲಿಗೆ ಹಾಕುವ ಬಣ್ಣಗಳಲ್ಲಿ ಹೆಚ್ಚಿನವು ಋಣವಿದ್ಯುತ್ತಿನವೇ. ಮಣ್ಣು ಅವನ್ನು ದೂರ ತಳ್ಳುತ್ತದೆ. ನೀರು ಹುಳಿಯಾದರೆ ಸ್ವಲ್ಪ ಹಿಡಿದೀತಂತೆ. ಬಣ್ಣ ಕುಡಿದ ಮಣ್ಣನ್ನು ಮತ್ತೆ ಹೊಲಕ್ಕೆ ಚೆಲ್ಲುವಂತಿಲ್ಲ, ಅದೂ ಒಂದು ಚಿಂತೆಯೇ. ಬರುವ ಶನಿವಾರ ನಿಂಬೆರಸ ಹಿಂಡಿ ನೋಡುವವರಿದ್ದೇವೆ.