ಗಾಜಿನ ಬೋಗಿಯಲ್ಲಿ ಹಳೆಯ ಘಾಟಿ

ಮದುವೆಯಾದ ಹೊಸತು, 1994. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಮೀಟರ್ ಗೇಜ್ ರೈಲಿನಲ್ಲಿ ಇಳಿಯುವಾಗ ನನ್ನಾಕೆ ಕಿಟಕಿಗೆ ಮುಖವೊಡ್ಡಿ ಸುರಂಗಗಳನ್ನು ಎಣಿಸುತ್ತಿದ್ದಳು. 31ಕ್ಕೆ ಲೆಕ್ಕ ತಪ್ಪಿತು. ಆ ಕೊರಗು ಆಕೆಗೆ ಇಷ್ಟು ವರ್ಷವೂ ಉಳಿದಿತ್ತು.

ಗೇಜ್ ಪರಿವರ್ತನೆಗೆಂದು ನಿಂತಿದ್ದ ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. 2021ರ ಜುಲೈನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಸೇರಿತು. ನಮ್ಮ ಬಿದರೆಹಳ್ಳ ಕಾವಲ್‌ನಲ್ಲೇ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿ ಹುಲ್ಲುಗಾವಲಿನ ಚಹರೆಯೇ ಬದಲಾಗಿರುವಾಗ ರೈಲು ಹಾಗೇ ಇದ್ದೀತೇ! ಕಳೆದ ಮಳೆಗಾಲದಲ್ಲಿ ಕುಣಿಗಲ್‌ಗೆ ಹೋಗಿ ಹತ್ತಿದೆವು.

44 ಆಸನಗಳು, ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದು. ಟಿಕೆಟ್ ದರ ಮಾತ್ರ ಮೇಷ್ಟರ ಜೇಬಿಗೆ ಭಾರವೇ.

ಸಕಲೇಶಪುರ ದಾಟಿದ ಮೇಲೆ ರೈಲು ತೆವಳತೊಡಗಿತು. ಇಲ್ಲಿನ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಇಳಿತ. ಇಷ್ಟೇನಾ ಎನ್ನಬೇಡಿ ಮಕ್ಕಳೇ. ಉಕ್ಕಿನ ಗಾಲಿಗೂ ಉಕ್ಕಿನ ಹಳಿಗೂ ಘರ್ಷಣೆ ಕಡಿಮೆ. ರೈಲಿಗೆ ಇದು ಕಡಿದಾದ ದಾರಿಯೇ.

ಎಡಕುಮೇರಿಯ ಬಳಿ ಝರಿಗಳು ತಲೆಯ ಮೇಲೇ ಸುರಿಯುವಂತೆ ಕಂಡವು. ಆದರೆ ನೀರಿನ ಸದ್ದಿಲ್ಲ, ಹಸಿ ಮಣ್ಣಿನ ವಾಸನೆಯಿಲ್ಲ.

“ಟಿ.ವಿ. ನೋಡಿದ ಹಾಗಿದೆ ಕಣ್ರೀ” ಎಂದಳು.

ನನಗೂ ಹಾಗೇ ಅನ್ನಿಸಿತ್ತು. ದುಡ್ಡು ಕೊಟ್ಟವನು ನಾನಾದ್ದರಿಂದ ಸುಮ್ಮನಿದ್ದೆ.

ಎಣಿಕೆಯನ್ನಂತೂ ಬಿಡಲಿಲ್ಲ. ಸುಬ್ರಹ್ಮಣ್ಯ ರೋಡ್ ಬಂದಾಗ “56” ಎಂದಳು. ಇರುವುದು 57 ಎಂದೆ.

“ಹಾಗಾದ್ರೆ ಬರುವಾಗ ಸಾದಾ ಬೋಗಿಯಲ್ಲೇ ಬರೋಣ. ಕಿಟಕಿ ಪಕ್ಕ ನಂಗೆ” ಎಂದು ಚೀಲ ಎತ್ತಿಕೊಂಡಳು.