ಜೀಪಿನ ಕೆಳಗೊಂದು ಎಣ್ಣೆ ಚುಕ್ಕೆ!

ಬೆಳ್ಳಿತೆರೆಯ ಮೇಲೆ ಜೀಪು ಹಾರುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ನಾಯಕ ಸ್ಟೀರಿಂಗ್ ತಿರುಗಿಸುತ್ತಾನೆ, ಧೂಳೇಳುತ್ತದೆ, ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ! 1968ರ ‘ದಿ ಥಾಮಸ್ ಕ್ರೌನ್ ಅಫೇರ್’ ಚಿತ್ರದಲ್ಲಿ ಸ್ಟೀವ್ ಮ್ಯಾಕ್ವೀನ್ ಕಡಲ ದಂಡೆಯ ಮರಳಲ್ಲಿ ಬಗ್ಗಿ ಓಡಿಸುತ್ತಾನಲ್ಲ, ಅದನ್ನು ಬಾಯಿಬಿಟ್ಟು ನೋಡಿದವರಲ್ಲಿ ನಾನೂ ಒಬ್ಬ. ಆದರೆ ಸ್ವಾಮಿ, ಹೀರೋ ಇಳಿದು ಹೋದ ಮೇಲೆ ಆ ಗಾಡಿಯ ಕೆಳಗೆ ಏನು ತೊಟ್ಟಿಕ್ಕಿದೆ ಅಂತ ಯಾವ ಕ್ಯಾಮೆರಾವಾದರೂ ಬಗ್ಗಿ ನೋಡಿದ್ದುಂಟೇ?

ನಾನು ನೋಡಿದೆ. ಅದೂ ಮಾಂದಲಪಟ್ಟಿಯಲ್ಲಿ.

ಮಾಂದಲಪಟ್ಟಿ ಗೊತ್ತಿಲ್ಲದ ಚಿತ್ರರಸಿಕ ಯಾರಿದ್ದಾರೆ! 2008ರಲ್ಲಿ ತೆರೆಕಂಡ ಯೋಗರಾಜ್ ಭಟ್ಟರ ‘ಗಾಳಿಪಟ’ದಲ್ಲಿ ಅದೇ ‘ಮುಗಿಲುಪೇಟೆ’. ಗಣೇಶ್, ದಿಗಂತ್, ರಾಜೇಶ್ ಕೃಷ್ಣನ್ ಮೂವರೂ ಮೋಡದೊಳಗೆ ಅಡ್ಡಾಡಿದ ಮೇಲೆ ನಾಡಿನ ಹುಡುಗರೆಲ್ಲ ಮಡಿಕೇರಿ ಬಸ್ಸು ಹತ್ತಿದರು. ಬಸ್ಸು ಮಡಿಕೇರಿಗೆ ಮುಗಿಯಿತು. ಮೇಲಿನ ಕಲ್ಲುಹಾದಿಗೆ ಜೀಪು. ಹೀಗೆ ಒಂದು ಸಿನಿಮಾ ಎಷ್ಟೋ ಜೀಪಿನವರ ಮನೆಯಲ್ಲಿ ಒಲೆ ಹಚ್ಚಿತು. ಆ ಮಾತನ್ನೇ ಬರೆಯೋಣ ಅಂತ ಕಳೆದ ಚಳಿಗಾಲದಲ್ಲಿ ನಾನು ಹೋಗಿದ್ದು.

ನನ್ನ ಪಾಲಿಗೆ ಬಂದದ್ದು ಮೂವತ್ತು ವರ್ಷ ದಾಟಿದ ಮುದಿ ಜೀಪು. ಓಡಿಸುವ ಅಣ್ಣನಿಗೆ ನಲವತ್ತೈದರ ವಯಸ್ಸು. ಹಾದಿಯುದ್ದಕ್ಕೂ ತನ್ನ ಕಥೆ ಹೇಳಿದ. 2018ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮಕ್ಕಂದೂರು ಕಡೆ ಮನೆಗಳು ಮಣ್ಣಡಿ ಸೇರಿದಾಗ ಪ್ರವಾಸಿಗರು ಬರುವುದೇ ನಿಂತಿತ್ತು. ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಲಾಕ್‌ಡೌನ್. ಮಾಡಿದ ಸಾಲ ಇನ್ನೂ ತೀರಿಲ್ಲ. “ಈ ಜೀಪು ಉಂಟು, ಹಾಗಾಗಿ ನಾವುಂಟು ಸರ್” ಅಂದ.

ಮೇಲೆ ತಲುಪಿದೆವು. ಇಳಿಜಾರಿನಲ್ಲಿ, ಮೂತಿ ಕೆಳಮುಖವಾಗಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕೈಬ್ರೇಕು ಎಳೆದು, ಹಿಂದಿನ ಬೋರ್ಡು ಬಿಚ್ಚಲು ಅಣ್ಣ ಇಳಿದ. ಸ್ಟಾರ್ಟಿಂಗ್ ತೊಂದರೆ ಇದ್ದುದರಿಂದ ಎಂಜಿನ್ ಆಫ್ ಮಾಡಿರಲಿಲ್ಲ. ನಮ್ಮ ಜೊತೆ ಬೆಂಗಳೂರಿನ ಒಂದು ಸಂಸಾರ. ಅವರ ಅಜ್ಜಿ ಒಂದು ಕಾಲು ನೆಲಕ್ಕಿಟ್ಟಿದ್ದರು, ಇನ್ನೊಂದು ಕಾಲು ಇನ್ನೂ ಜೀಪಿನಲ್ಲೇ.

ಜೀಪು ಸರಿಯಿತು!

ಒಂದು ಮಾರಿನಷ್ಟು ಅಷ್ಟೇ. ಅಣ್ಣ ಒಂದೇ ಕೈಯಲ್ಲಿ ಅಜ್ಜಿಯನ್ನು ಹಿಡಿದುಕೊಂಡ. ಪಕ್ಕದ ಜೀಪಿನ ಹುಡುಗ ಕಲ್ಲೊಂದನ್ನು ಚಕ್ರದಡಿ ತಳ್ಳಿದ. ಗಾಡಿ ನಿಂತಿತು. ಅಜ್ಜಿಗೆ ಏನೂ ಆಗಲಿಲ್ಲ. “ಏನಪ್ಪಾ, ನಿನ್ನ ಗಾಡಿಗೆ ನನಗಿಂತ ಅವಸರ” ಅಂತ ನಕ್ಕೇಬಿಟ್ಟರು. ಆದರೆ ಆ ಅಣ್ಣ ನಗಲಿಲ್ಲ. ಅವನ ಕೈ ನಡುಗುತ್ತಿದ್ದದ್ದು ನನಗೆ ಕಾಣಿಸಿತು. ಬಗ್ಗಿ ನೋಡಿದೆ. ಜೀಪಿನ ಹೊಟ್ಟೆಯ ಕೆಳಗೆ, ಕೆಂಪು ಮಣ್ಣಿನ ಮೇಲೆ, ರೂಪಾಯಿ ಅಗಲದ ಎಣ್ಣೆ ಚುಕ್ಕೆ.

ಪಿಯುಸಿ ಬಿಟ್ಟ ಮೇಲೆ ಪೇನಾ ಹಿಡಿಯುವ ಮೊದಲು ಏಳು ತಿಂಗಳು ನಾನು ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಎತ್ತಿಕೊಟ್ಟವನು. ಎಣ್ಣೆ ಕಂಡರೆ ಬೆರಳು ತಾನಾಗಿ ಹೋಗುತ್ತದೆ. ಮೂಸಿದೆ. ಗಂಧಕದ ಘಾಟು. ಗೇರ್ ಆಯಿಲ್! ಎಂಜಿನ್ ಆಯಿಲ್ ಕಪ್ಪಗಿರುತ್ತೆ, ಸುಟ್ಟ ವಾಸನೆ; ಬ್ರೇಕಿನ ಎಣ್ಣೆ ನೀರಿನ ಹಾಗೆ ತೆಳು. ಗೇರ್ ಆಯಿಲ್ ಮಾತ್ರ ಜೇನಿನ ಹಾಗೆ ದಪ್ಪ, ಮೂಗಿಗೆ ಹೊಡೆಯುವ ನಾತ.

“ಸೀಲು ಎರಡು ಸಲ ಹೊಸದು ಹಾಕಿಸಿ ಆಯ್ತು ಸರ್, ಮೂರು ತಿಂಗಳಲ್ಲಿ. ಡ್ರೈನ್ ಪ್ಲಗ್ಗೂ ಬಿಗಿ ಮಾಡಿಸಿದೆ. ಆದರೂ ಸೋರ್ತದೆ. ಮಾರಿಬಿಡುವುದೇ ಸೈ” ಅಂದ ಅಣ್ಣ.

ಎಣ್ಣೆ ಸೋರುವುದಕ್ಕೂ ಕೈಬ್ರೇಕಿಗೂ ಏನು ನಂಟು ಅಂತ ಕೇಳ್ತೀರಾ? ಇದೆ ಸ್ವಾಮಿ. ಈ ಹಳೆಯ ಜೀಪುಗಳಲ್ಲಿ ಕೈಬ್ರೇಕು ನೇರವಾಗಿ ಚಕ್ರವನ್ನು ಹಿಡಿಯುವುದಿಲ್ಲ. ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಅಂತ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವುದು ಅದರ ಕೆಲಸ. ಅದರ ಹಿಂಬದಿಯಿಂದ ಪ್ರೊಪೆಲ್ಲರ್ ಶಾಫ್ಟು ಹೊರಡುವ ಕಡೆ ಒಂದು ಡ್ರಮ್ಮು. ಕೈಬ್ರೇಕು ಹಿಡಿಯುವುದು ಆ ಡ್ರಮ್ಮನ್ನು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಕಾಲದಿಂದ ಬಂದ ಏರ್ಪಾಡು. ಎಣ್ಣೆ ತಡೆಯುವ ಸೀಲು ಇರುವುದು ಆ ಡ್ರಮ್ಮಿನ ಮುಂದೆಯೇ. ಸೀಲು ಸೋತರೆ ಎಣ್ಣೆ ನೇರ ಡ್ರಮ್ಮಿಗೆ, ಡ್ರಮ್ಮಿನಿಂದ ಲೈನಿಂಗಿಗೆ. ಎಣ್ಣೆ ಕುಡಿದ ಲೈನಿಂಗು ಏನು ತಾನೇ ಹಿಡಿದೀತು? ಅಂದರೆ ಆ ರೂಪಾಯಿ ಅಗಲದ ಚುಕ್ಕೆಯ ಇನ್ನೊಂದು ತುದಿಯಲ್ಲಿ ಆ ಅಜ್ಜಿಯ ಕಾಲಿತ್ತು!

ಸಂಜೆ ಮಡಿಕೇರಿಯಲ್ಲಿ ಹಳೆಯ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಹೋದೆವು. ಎಪ್ಪತ್ತು ದಾಟಿದ ಮನುಷ್ಯ. ಅಣ್ಣ ಬಾಯಿ ಬಿಡುವ ಮೊದಲೇ ಕೇಳಿದರು: “ಎಣ್ಣೆ ಎಲ್ಲಿ ಬೀಳ್ತದೆ ಅಂತ ಹೇಳ್ಬೇಡ. ಎಲ್ಲಿಂದ ಬರ್ತದೆ ಅಂತ ಗೊತ್ತುಂಟಾ?”

“ಡ್ರೈನ್ ಪ್ಲಗ್ಗಿನ ಹತ್ತಿರ ಮೇಸ್ತ್ರಿ...”

“ಅದು ಬೀಳುವ ಜಾಗ ಮಾರಾಯ!”

ಎಣ್ಣೆಗೆ ಅದೊಂದು ದೊಡ್ಡ ಗುಣ. ಹುಟ್ಟಿದ ಕಡೆ ಬೀಳುವುದಿಲ್ಲ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಮೂತಿ ತಗ್ಗಿಸಿ ನಿಲ್ಲಿಸಿದರೆ ಪೆಟ್ಟಿಗೆಯ ಹೊಟ್ಟೆ ಹಿಡಿದು ಮುಂದಕ್ಕೆ ಹರಿದು, ಎಲ್ಲಕ್ಕಿಂತ ತಗ್ಗಾದ ಕಡೆ ತೊಟ್ಟಿಕ್ಕುತ್ತದೆ. ನೋಡಿದವರೆಲ್ಲ ಅಲ್ಲಿಯ ಬೋಲ್ಟು ಬಿಗಿ ಮಾಡುತ್ತಾರೆ. ಗಾಂಧಿನಗರದಲ್ಲೂ ಇದೇ ಕಥೆ ಅಲ್ಲವೇ? ಚಿತ್ರ ಬಿದ್ದದ್ದು ಯಾಕೆ ಅಂದರೆ ಎಲ್ಲರೂ ನಾಯಕನಟನ ಕಡೆ ಬೆರಳು ತೋರಿಸುತ್ತಾರೆ. ಸೋರಿದ್ದು ಕಥೆಯಲ್ಲಿ ಅಂತ ಯಾರೂ ಹೇಳುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಕೆಲಸ ಶುರು. ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು. ಆಮೇಲೆ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಉಜ್ಜಿದೆವು. ವರ್ಷಗಟ್ಟಲೆ ಕೂತ ಮಣ್ಣು, ಜಿಡ್ಡು ಹೋಳು ಹೋಳಾಗಿ ಬಿತ್ತು. ಸೋಪಿನ ನೀರು ಹಾಕಿ ತೊಳೆದು ಒಣಗಿಸಿದೆವು. ಆಮೇಲೆ ಮೇಸ್ತ್ರಿ ಒಳಗಿನಿಂದ ತಂದದ್ದು ಏನು ಗೊತ್ತೇ? ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ! ಕೇಸಿನ ಮೇಲೆಲ್ಲ ಉದುರಿಸಿದರು. ಮೇಕಪ್ ಮಾಡಿಕೊಂಡು ಶಾಟಿಗೆ ಸಿದ್ಧವಾದ ಪೋಷಕನಟನಂತೆ ಕಂಡಿತು. ಎಣ್ಣೆ ಎಲ್ಲಿ ಒಸರಿದರೂ ಬಿಳಿಯ ಮೇಲೆ ಕಪ್ಪು ಗೆರೆ ಮೂಡಲೇಬೇಕು.

ಏರುದಾರಿಯಲ್ಲಿ ಒಂದು ಸುತ್ತು ಹೊಡೆಸಿ ತಂದು ಟಾರ್ಚು ಬಿಟ್ಟು ನೋಡಿದೆವು. ಡ್ರೈನ್ ಪ್ಲಗ್ಗು ಒಣ. ಅಡಿ ಮುಚ್ಚಳದ ಗ್ಯಾಸ್ಕೆಟ್ ಒಣ. ಗೇರು ಬದಲಿಸುವ ಸರಳುಗಳ ಸುತ್ತ ಒಣ. ಗೆರೆ ಮೂಡಿದ್ದು ಒಂದೇ ಕಡೆ: ಕೈಬ್ರೇಕಿನ ಡ್ರಮ್ಮಿನ ಸಂದಿಯಿಂದ.

“ಮತ್ತೆ ಸೀಲೇ ಹೋಯ್ತಾ?” ಅಣ್ಣನ ಮುಖ ಬಾಡಿತು.

“ಸೀಲು ಹೋದದ್ದು ನಿಜ. ಯಾಕೆ ಹೋಯ್ತು?” ಅನ್ನುತ್ತಲೇ ಮೇಸ್ತ್ರಿ ಬಿಸಿ ಪೆಟ್ಟಿಗೆಗೆ ಎಣ್ಣೆ ತುಂಬುವ ಪ್ಲಗ್ಗನ್ನು ಮೆಲ್ಲಗೆ ಸಡಿಲಿಸಿದರು. “ಉಸ್ಸ್” ಅಂತು! ಒಳಗೆ ಗಾಳಿ ಉಬ್ಬಿ ಕೂತಿತ್ತು. ಗೇರುಗಳು ತಿರುಗಿ ಎಣ್ಣೆ ಕಾದರೆ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಬರಲೆಂದೇ ಮೇಲೊಂದು ಪುಟ್ಟ ಬ್ರೀದರ್ ಇರುತ್ತದೆ. ಅದರ ತೂತಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಉಸಿರಾಡಲು ಬಾಯಿಲ್ಲದ ಪೆಟ್ಟಿಗೆ ಸೀಲಿನ ಸಂದಿಯಲ್ಲೇ ದಾರಿ ಮಾಡಿಕೊಂಡಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರೊಪೆಲ್ಲರ್ ಶಾಫ್ಟು ಬಿಚ್ಚುವ ಮುನ್ನ ಮೇಸ್ತ್ರಿ ಚಕ್ರದ ಕಲ್ಲುಗಳನ್ನು ಇನ್ನೊಮ್ಮೆ ಒದ್ದು ನೋಡಿದರು. ಶಾಫ್ಟು ಕಳಚಿದರೆ ಗೇರಿನಲ್ಲಿಟ್ಟರೂ ಗಾಡಿ ನಿಲ್ಲದು, ಕೈಬ್ರೇಕಿಗೂ ಸಿಗದು. ಕೆಳಗೆ ಮಲಗಿದವನಿಗೆ ಕಲ್ಲೇ ದೇವರು. ಡ್ರಮ್ಮು ಬಂತು, ಯೋಕ್ ಬಂತು. ಸೀಲಿನ ರಬ್ಬರ್ ತುಟಿ ಒತ್ತಿಕೊಂಡು ಕೂರುವ ನಯವಾದ ಕೊರಳು ಅದಕ್ಕಿರುತ್ತದೆ. “ಉಗುರು ಆಡಿಸು” ಅಂದರು ನನಗೆ. ಆಡಿಸಿದೆ. ಉಗುರು ಸಿಕ್ಕಿಕೊಂಡಿತು! ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಉಂಗುರದಂತೆ ಗೀರು ಬಿದ್ದಿತ್ತು. ಅದರ ಮೇಲೆ ನೂರು ಹೊಸ ಸೀಲು ಹಾಕಿದರೂ ಎಣ್ಣೆ ಆ ಗೀರಿನಲ್ಲೇ ನುಸುಳುತ್ತದೆ.

ಬ್ರೀದರ್ ಬಿಚ್ಚಿ ತೊಳೆದರು. ಒಳ್ಳೆಯ ಯೋಕ್ ಒಂದು ಗುಜರಿಯಲ್ಲಿ ಸಿಕ್ಕಿತು. ಹೊಸ ಸೀಲು ಬಂತು. ಅಣ್ಣ ದುಡ್ಡು ಉಳಿಸಲು ಹಳೆಯ ಲೈನಿಂಗನ್ನೇ ಪೆಟ್ರೋಲಿನಲ್ಲಿ ತೊಳೆದು ಹಾಕಿ ಅಂದ. ಮೇಸ್ತ್ರಿ ಒಪ್ಪಲಿಲ್ಲ. “ಒಳಗೆ ಕುಡಿದ ಎಣ್ಣೆ ಬಿಸಿಯಾದಾಗ ಮತ್ತೆ ಹೊರಗೆ ಬರ್ತದೆ. ನಿನ್ನ ಗಾಡಿಯಲ್ಲಿ ಬೇರೆಯವರ ಮಕ್ಕಳು ಕೂರುವುದಲ್ವಾ?” ಅಣ್ಣ ಮರುಮಾತಾಡದೆ ಹೋಗಿ ಹೊಸ ಲೈನಿಂಗು ತಂದ.

ಮುಸ್ಸಂಜೆಗೆ ಪರೀಕ್ಷೆ. ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ಜೀಪು ನಿಲ್ಲಿಸಿ, ಕೈಬ್ರೇಕು ಎಳೆದು, ನ್ಯೂಟ್ರಲ್ ಮಾಡಿ, ಅಣ್ಣ ಕಾಲು ತೆಗೆದ. ನಾನು ಕಲ್ಲು ಹಿಡಿದು ಚಕ್ರದ ಪಕ್ಕ ನಿಂತಿದ್ದೆ. ಯಾರ ಬಾಯಲ್ಲೂ ಮಾತಿಲ್ಲ. ಜೀಪು ಕದಲಲಿಲ್ಲ! ನಾಯಕ ಖಳನನ್ನು ಹೊಡೆದು ಕೆಡವಿದಾಗಲೂ ನಾನು ಅಷ್ಟು ಜೋರಾಗಿ ಶಿಳ್ಳೆ ಹಾಕಿದ್ದಿಲ್ಲ.

ರಾತ್ರಿ ಜೀಪಿನ ಕೆಳಗೆ ರಟ್ಟು ಹಾಸಿಟ್ಟೆವು. ಬೆಳಿಗ್ಗೆ ಅದು ಒಣಗಿತ್ತು. ಆದರೂ ಮೇಸ್ತ್ರಿ ಹೇಳಿದ್ದು: “ಒಂದು ವಾರ ದಿನಾ ರಟ್ಟು ನೋಡು. ಮಳೆಗಾಲ ಕಳೆದ ಕೂಡಲೆ ಬ್ರೀದರ್ ನೋಡು.” ವಾರದ ಮೇಲೆ ಅಣ್ಣನ ಫೋನ್ ಬಂತು. “ಒಂದು ಚುಕ್ಕೆ ಇಲ್ಲ ತಮ್ಮಾ. ಮಾರುವುದಿಲ್ಲ ಇದನ್ನು.” ಸರ್ ಹೋಗಿ ತಮ್ಮ ಆಗಿದ್ದೆ!

ಚಿತ್ರಪ್ರೇಮಿ ಮಿತ್ರರೇ, ಮುಗಿಲುಪೇಟೆ ನೋಡಲು ನೀವೂ ಹೋಗುತ್ತೀರಿ. ಹೋಗಿ. ಜೀಪು ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಡುವವರೆಗೆ ಕಾದು ಇಳಿಯಿರಿ. ಇಳಿದವರು ಸೆಲ್ಫಿಗೆ ಮೊದಲು ಒಮ್ಮೆ ಬಗ್ಗಿ ನೋಡಿ. ಚುಕ್ಕೆ ಕಂಡರೆ ಡ್ರೈವರಣ್ಣನ ಕಿವಿಗೆ ಮೆಲ್ಲಗೆ ಹಾಕಿ. ಆತ ಸಿಟ್ಟಾಗುವುದಿಲ್ಲ, ಆತನ ಅನ್ನವೂ ಅದೇ ಚುಕ್ಕೆಯ ಮೇಲಿದೆ.