ದಾನಿಯ ಹೆಸರು

ತುಳುನಾಡಿನ ಒಂದು ಬಸದಿಯ ಮಾಡಿಗೆ ತಾಮ್ರದ ಹೊದಿಕೆ ಹಾಕಿಸಬೇಕೆಂದು ಮೊಕ್ತೇಸರರು ನಿಶ್ಚಯಿಸಿದಾಗ, ಹತ್ತು ಲಕ್ಷ ರೂಪಾಯಿಯ ಚೆಕ್ಕಿನೊಡನೆ ಮೊದಲು ಮುಂದೆ ಬಂದವರು ಆ ಬಸದಿಯ ಅಂಗಳದಲ್ಲೇ ಆಡಿ ಬೆಳೆದ ಮಹಿಳೆ. ಮದುವೆಯಾಗಿ ಅಮೆರಿಕಕ್ಕೆ ತೆರಳಿ, ಅಲ್ಲಿ ಇಪ್ಪತ್ತಾರು ವರ್ಷ ದುಡಿದು, ಪತಿಯ ನಿಧನಾನಂತರ ವೃದ್ಧ ತಾಯಿಯ ಆರೈಕೆಗೆಂದು ಊರಿಗೆ ಮರಳಿದವರು. ನಿತ್ಯ ಅಭಿಷೇಕದ ವೇಳೆಗೆ ಅವರು ಬಸದಿಯಲ್ಲಿರುತ್ತಾರೆ. ಮಳೆಗಾಲದಲ್ಲಿ ಸೋರುವ ಕಡೆ ಪಾತ್ರೆಗಳನ್ನಿಟ್ಟು, ತುಂಬಿದೊಡನೆ ಹೊರಗೆ ಚೆಲ್ಲಿ ಬರುವ ಕೆಲಸವನ್ನು ಯಾರೂ ಹೇಳದೆ ತಾವೇ ವಹಿಸಿಕೊಂಡವರು. ಅಂಥವರ ಚೆಕ್ಕನ್ನು ಟ್ರಸ್ಟಿನ ಕಾರ್ಯದರ್ಶಿಗಳು ಎರಡು ದಿನ ಮೇಜಿನ ಖಾನೆಯಲ್ಲಿಟ್ಟು, ಮೂರನೆಯ ದಿನ ಅವರ ಮನೆಗೇ ಹಿಂದಕ್ಕೆ ತಂದರು.

“ಅಕ್ಕಾ, ತಪ್ಪು ತಿಳಿಯಬೇಡಿ. ಕಾಯಿದೆಯ ಲೆಕ್ಕದಲ್ಲಿ ಇದು ವಿದೇಶೀ ದೇಣಿಗೆ.”

“ಇದು ಮಂಗಳೂರಿನ ಬ್ಯಾಂಕಿನ ಚೆಕ್ಕಲ್ಲವೇ? ಅಪ್ಪನ ಅಡಕೆ ತೋಟದ ಹಣವೂ ಇದರಲ್ಲಿದೆ.”

“ಹಣ ರೂಪಾಯಿಯದೇ. ಆದರೆ ಕೊಡುವವರ ಪಾಸ್‌ಪೋರ್ಟು ಅಮೆರಿಕದ್ದು.”

ಕಾರ್ಯದರ್ಶಿಗಳು ನಿವೃತ್ತ ಬ್ಯಾಂಕ್ ಅಧಿಕಾರಿ. ಅವರು ಹೇಳಿದ್ದು ಸರಿಯಾಗಿತ್ತು. 1955ರ ಪೌರತ್ವ ಕಾಯಿದೆಯ ಒಂಬತ್ತನೆಯ ಪ್ರಕರಣದಂತೆ, ಸ್ವ ಇಚ್ಛೆಯಿಂದ ಪರದೇಶದ ಪೌರತ್ವ ಪಡೆದವರು ಆ ಕ್ಷಣದಿಂದಲೇ ಭಾರತದ ಪ್ರಜೆಗಳಲ್ಲ. ಅವರಿಗೆಂದು 2005ರಿಂದ ಬಂದಿರುವ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಎಂಬ ಚೀಟಿಯ ಹೆಸರಿನಲ್ಲಿ ನಾಗರಿಕ ಎಂಬ ಮಾತಿದೆಯೇ ಹೊರತು ಪೌರತ್ವವಿಲ್ಲ. (ಹೆಸರಿಟ್ಟವರು ಈ ಗೊಂದಲವನ್ನು ತಪ್ಪಿಸಬಹುದಿತ್ತು.) ಚೀಟಿಯುಳ್ಳವರು ಎಷ್ಟು ಸಲ ಬೇಕಾದರೂ ಬರಬಹುದು, ಎಷ್ಟು ಕಾಲ ಬೇಕಾದರೂ ಇರಬಹುದು, ವಿದೇಶೀಯರ ನೋಂದಣಿ ಕಚೇರಿಗೆ ಅಲೆಯಬೇಕಾಗಿಲ್ಲ, ಮನೆ ಕೊಳ್ಳಬಹುದು. ಮತದಾನದ ಹಕ್ಕಿಲ್ಲ, ಶಾಸನಸಭೆಗೆ ನಿಲ್ಲುವಂತಿಲ್ಲ. ತಂದೆಯ ತೋಟ ಉತ್ತರಾಧಿಕಾರದಿಂದ ಬರಬಹುದು, ಪಕ್ಕದ ಅರ್ಧ ಎಕರೆ ಕೃಷಿಭೂಮಿಯನ್ನು ಕ್ರಯಕ್ಕೆ ಪಡೆಯುವಂತಿಲ್ಲ. 2024ರ ಏಪ್ರಿಲ್ 26ರಂದು ಲೋಕಸಭೆಯ ಚುನಾವಣೆಗೆ ತಾಯಿಯನ್ನು ಕೈಹಿಡಿದು ಮತಗಟ್ಟೆಯವರೆಗೆ ಕರೆದುಕೊಂಡು ಹೋದ ಮಗಳು ಹೊರಗೆ ಮಾವಿನ ಮರದ ನೆರಳಿನಲ್ಲಿ ನಿಂತಿದ್ದರು. ಆ ದಿನ ಅವರಿಗೆ ಅದು ನೋವೆನಿಸಿರಲಿಲ್ಲ. ಚೆಕ್ಕು ಹಿಂದೆ ಬಂದ ದಿನ ಎನಿಸಿತು.

ಅವರ ತಮ್ಮ ದುಬೈಯಲ್ಲಿ ಹದಿನೈದು ವರ್ಷಗಳಿಂದ ಉದ್ಯೋಗದಲ್ಲಿದ್ದಾರೆ. ಊರಿಗೆ ಬರುವುದು ಎರಡು ವರ್ಷಕ್ಕೊಮ್ಮೆ. ಅವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಬಸದಿಗೆ ಕಳುಹಿಸಿದ ಹಣಕ್ಕೆ ಯಾವ ತಡೆಯೂ ಇಲ್ಲ, ಏಕೆಂದರೆ ಪಾಸ್‌ಪೋರ್ಟು ಭಾರತದ್ದು. ನಿತ್ಯವೂ ಬಸದಿಯ ಮೆಟ್ಟಿಲು ಹತ್ತುವ ಅಕ್ಕನದು ಮಾತ್ರ 2010ರ ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಆ ಕಾಯಿದೆಯಂತೆ ನೋಂದಣಿಯನ್ನಾಗಲಿ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿಯನ್ನಾಗಲಿ ಪಡೆಯದೆ ಒಂದು ರೂಪಾಯಿ ಸ್ವೀಕರಿಸಿದರೂ ಟ್ರಸ್ಟು ಅಪರಾಧಿಯಾಗುತ್ತದೆ. ಐದು ವರ್ಷಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಕಾರ್ಯದರ್ಶಿಗಳಿಗೆ ಭಯವಿತ್ತು. ಅದನ್ನು ಅವರು ಮರೆಮಾಚಲಿಲ್ಲ.

ಸಭೆಯಲ್ಲಿ ಕಿರಿಯ ಟ್ರಸ್ಟಿಯೊಬ್ಬರು ಸುಲಭೋಪಾಯ ಸೂಚಿಸಿದರು. ಹಣ ತಾಯಿಯ ಖಾತೆಗೆ ಹೋಗಲಿ. ತಾಯಿ ಈ ದೇಶದ ಪ್ರಜೆ. ಅವರ ಹೆಸರಿನಲ್ಲಿ ರಸೀದಿಯಾಗಲಿ. ಮಳೆಗೆ ಮೊದಲೇ ಕೆಲಸ ಮುಗಿದೀತು. ಯಾರೂ ತಲೆ ಅಲ್ಲಾಡಿಸಲಿಲ್ಲವೆಂದರೆ ಸುಳ್ಳಾದೀತು. ಮಗಳು ತಾಯಿಗೆ ಹಣ ಕೊಡುವುದಕ್ಕೆ ಕಾಯಿದೆಯ ಅಡ್ಡಿಯೂ ಇಲ್ಲ, ಹತ್ತಿರದ ಸಂಬಂಧಿಗಳಿಗೆ ಅದರಲ್ಲಿ ವಿನಾಯಿತಿಯಿದೆ. ಆದರೆ ತಾಯಿಗೆ ಕೊಟ್ಟದ್ದು ತಾಯಿಯದಾಗಬೇಕು. ಆಕೆ ಬಯಸಿದರೆ ಔಷಧಿಗೆ ಬಳಸಬಹುದಾದ, ಬಯಸಿದರೆ ಮೊಮ್ಮಗಳಿಗೆ ಕೊಡಬಹುದಾದ ಹಣವಾಗಿರಬೇಕು. ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಬಸದಿಗೆ ಹೋಗಲೇಬೇಕೆಂದು ಮೊದಲೇ ಗೊತ್ತುಮಾಡಿದ ಹಣಕ್ಕೆ ತಾಯಿ ಒಡತಿಯಲ್ಲ, ತೆರೆ ಮಾತ್ರ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಕಳ್ಳತನಕ್ಕೆ ಪ್ರೇರಣೆ, ಕದ್ದ ಮಾಲಿನ ಸ್ವೀಕಾರ, ತೂಕ ಅಳತೆಗಳಲ್ಲಿ ಮೋಸ, ಕಲಬೆರಕೆ, ಇವು ಎಲ್ಲರ ನೆನಪಿನಲ್ಲಿ ಉಳಿದಿವೆ. ವಿರುದ್ಧರಾಜ್ಯಾತಿಕ್ರಮ ಎಂಬುದನ್ನು ಪಾಠಶಾಲೆಯ ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ. ಉಚಿತವಾದ ನ್ಯಾಯಮಾರ್ಗವನ್ನು ಬಿಟ್ಟು ಬೇರೆ ರೀತಿಯಲ್ಲಿ ಕೊಡುವುದೂ ಕೊಳ್ಳುವುದೂ ಅತಿಕ್ರಮವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಕೊಳ್ಳುವುದರ ಜೊತೆಗೆ ಕೊಡುವುದನ್ನೂ ಆಚಾರ್ಯರು ಸೇರಿಸಿರುವುದು ಗಮನಾರ್ಹ. ಬಸದಿಯ ಕಾರ್ಯವೆಂಬ ಕಾರಣಕ್ಕೆ ರಿಯಾಯಿತಿ ಅಲ್ಲಿ ಕಾಣುವುದಿಲ್ಲ.

ಸಭೆಯ ಸುದ್ದಿ ತಾಯಿಯ ಕಿವಿಗೆ ಬಿದ್ದಾಗ ಅವರು ಶಾಸ್ತ್ರವನ್ನೇನೂ ಹೇಳಲಿಲ್ಲ. “ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸುತ್ತೀರಿ. ಬಂದವರು ಓದಿ, ಮುದುಕಿ ಎಷ್ಟು ಕೊಟ್ಟಳು ಎನ್ನುತ್ತಾರೆ. ನಾನು ಕೊಡಲಿಲ್ಲವಲ್ಲ!” ಎಂದರು.

ಮಗಳಿಗೆ ಮಾತು ನಾಟಿತು. ಅಮೆರಿಕದ ಪೌರತ್ವವನ್ನು ಅವರು ಯಾರ ಬಲವಂತದಿಂದಲೂ ಸ್ವೀಕರಿಸಿರಲಿಲ್ಲ. ಮಕ್ಕಳ ಓದು, ಉದ್ಯೋಗದ ಭದ್ರತೆ, ಬಾಳುವ ದೇಶದಲ್ಲಿ ಮತ ಹಾಕಬೇಕೆಂಬ ಆಸೆ, ಇವುಗಳಿಗಾಗಿ ಕೈಯೆತ್ತಿ ಪ್ರಮಾಣ ಮಾಡಿದ್ದರು. ಅದರ ಫಲವನ್ನು ಉಂಡದ್ದು ನಿಜ. ಇಷ್ಟಾದರೂ, ಊರಿನಲ್ಲೇ ನೆಲೆಸಿ ಊರಿನ ಹಣವನ್ನು ಕೊಡುವವರನ್ನೂ ಹೊರಗಿನ ಸಂಸ್ಥೆಗಳ ಸಾಲಿನಲ್ಲೇ ನಿಲ್ಲಿಸುವ ಕಾಯಿದೆಯಲ್ಲಿ ವಿವೇಕ ಸಾಲದೆಂದು ಹೇಳದಿರಲಾಗದು. ಅದನ್ನು ತಿದ್ದಿರೆಂದು ಸಮಾಜದ ಸಂಘಗಳು ಸರಕಾರವನ್ನು ಕೇಳಬಹುದು, ಕೇಳಬೇಕು. ತಿದ್ದುವವರೆಗೆ ಇರುವ ದಾರಿ ಪೂರ್ವಾನುಮತಿಯದು. ಧಾರ್ಮಿಕ ಉದ್ದೇಶಕ್ಕೂ ಅದು ದೊರೆಯಬಹುದು. ದಾನಿ ಯಾರು, ಮೊತ್ತವೆಷ್ಟು, ಕೆಲಸವೇನು ಎಂದು ತಿಳಿಸುವ ಪತ್ರ ಬೇಕು. 2020ರ ತಿದ್ದುಪಡಿಯ ನಂತರ, ಕರಾವಳಿಯ ಈ ಬಸದಿಯೂ ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ತೆರೆದು, ಅದರಲ್ಲೇ ಹಣ ಪಡೆಯಬೇಕು. ಕಾರ್ಯದರ್ಶಿಗಳು ಗೊಣಗುತ್ತಲೇ ಹಳೆಯ ಲೆಕ್ಕಪತ್ರಗಳನ್ನು ಜೋಡಿಸತೊಡಗಿದರು. ದಾನಿಯ ಪತ್ರದಲ್ಲಿ ಆ ಮಹಿಳೆ ತಮ್ಮ ಹೆಸರನ್ನೂ, ಅದರ ಕೆಳಗೆ ಅಮೆರಿಕದ ಪ್ರಜೆ ಎಂದೂ ತಾವೇ ಬರೆದರು.

ಅದೇ ವಾರ ತಾಯಿ ತಮ್ಮ ಪಿಂಚಣಿಯಿಂದ ಉಳಿಸಿದ ಹನ್ನೊಂದು ಸಾವಿರ ರೂಪಾಯಿ ಕೊಟ್ಟು ರಸೀದಿ ಪಡೆದರು. ಅರ್ಜಿಗೆ ಉತ್ತರ ಬರುವ ಮೊದಲೇ ಆಟಿಯ ಮಳೆ ಹಿಡಿಯಿತು. ಮಗಳು ಪಾತ್ರೆಗಳನ್ನು ತೊಳೆದು ಮತ್ತೆ ಬಸದಿಗೆ ತೆಗೆದುಕೊಂಡು ಹೋದರು. ಈ ಸಲ ಎರಡು ಹೆಚ್ಚು ಬೇಕಾದವು.